ಒಂದೇ ದಶಕ, ಎರಡು ಲೆಕ್ಕ

ಊರಿಗೆ ಹೋದಾಗಲೆಲ್ಲ ಎಂಬತ್ತರ ದಶಕದ ಮಾತು ಬಂದೇ ಬರುತ್ತದೆ. ನನ್ನ ಪ್ರಾಯದವರು ನಾಲ್ಕು ಜನ ಸೇರಿದರೆ ಸಾಕು. ಭಾನುವಾರ ಬೆಳಿಗ್ಗೆಯ ರಾಮಾಯಣ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ಮಾಲ್ಗುಡಿ ಡೇಸ್. 1983ರ ವಿಶ್ವಕಪ್. ಆ ಸಲ ಎಲ್ಲರಿಗಿಂತ ಜಾಸ್ತಿ ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ, ಒಟ್ಟು 18. ವಿಕೆಟ್ ಹಿಂದೆ ನಿಂತವರು ನಮ್ಮ ಕಿರ್ಮಾನಿ. “ಆಗ ಎಷ್ಟು ಚೆನ್ನಾಗಿತ್ತು ಅಲ್ವಾ, ಇಡೀ ದೇಶ ಒಂದೇ ಟಿವಿ ನೋಡ್ತಿತ್ತು” ಅಂತ ಭಾವ ಪ್ರತಿ ಸಲ ಹೇಳುತ್ತಾರೆ.

ನಾನೂ ಹೂಂ ಅನ್ನುತ್ತೇನೆ. ಆ ಖುಷಿ ಸುಳ್ಳಲ್ಲ, ನಾನೂ ಅನುಭವಿಸಿದ್ದೇನೆ. ಆದರೆ ಮುಂಬೈಗೆ ವಾಪಸ್ ಬರುವಾಗ ಆ ಮಾತು ಮನಸ್ಸಿನಲ್ಲಿ ಕೊರೆಯುತ್ತದೆ. ಯಾಕೆಂದರೆ ನಾನು ಬೆಳೆದದ್ದು ಲಾಲ್‌ಬಾಗ್‌ನಲ್ಲಿ. ಬೆಂಗಳೂರಿನ ಲಾಲ್‌ಬಾಗ್ ಅಲ್ಲ, ಮುಂಬೈಯ ಲಾಲ್‌ಬಾಗ್. ಸುತ್ತ ಬಟ್ಟೆ ಗಿರಣಿಗಳು, ಅವುಗಳ ನಡುವೆ ಚಾಳುಗಳು, ಅಂದರೆ ಒಂದೊಂದು ಕೋಣೆಯ ಮನೆಗಳು ಸಾಲಾಗಿರುವ ಕಟ್ಟಡಗಳು. ಆ ಇಡೀ ಪ್ರದೇಶಕ್ಕೆ ಗಿರಣ್‌ಗಾಂವ್, ಅಂದರೆ ಗಿರಣಿಗಳ ಊರು ಅಂತಲೇ ಹೆಸರು. ಅಲ್ಲಿ ಕುಂದಾಪುರ ಕಡೆಯಿಂದ ಬಂದ ನಮ್ಮ ಅಪ್ಪಯ್ಯನದ್ದು ಒಂದು ಸಣ್ಣ ಹೋಟೆಲ್.

ಅಲ್ಲಿನ ಹಳಬರು ಎಂಬತ್ತರ ದಶಕ ಅನ್ನುವುದಿಲ್ಲ. ‘ಸಂಪಾಚ್ಯಾ ಆಧಿ’, ‘ಸಂಪಾಚ್ಯಾ ನಂತರ್’ ಅನ್ನುತ್ತಾರೆ. ಮುಷ್ಕರದ ಮೊದಲು, ಮುಷ್ಕರದ ನಂತರ. ಮಗಳ ಮದುವೆ ಯಾವಾಗ ಆಯಿತು ಅಂದರೂ, ಅಜ್ಜಿ ಯಾವಾಗ ತೀರಿಕೊಂಡರು ಅಂದರೂ ಇದೇ ಲೆಕ್ಕ. ನಾವು ಆ ಕಾಲವನ್ನು ಟಿವಿಯಿಂದ ಎಣಿಸುತ್ತೇವೆ, ಅವರು ಕೆಲಸ ಹೋದ ದಿನದಿಂದ ಎಣಿಸುತ್ತಾರೆ.

1982ರ ಜನವರಿ 18ರಂದು ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಮುಂದೆ ನಿಂತವರು ಡಾಕ್ಟರ್ ದತ್ತಾ ಸಾಮಂತ್. ಸಂಬಳ ಜಾಸ್ತಿ ಆಗಬೇಕು, ವರ್ಷಗಟ್ಟಲೆ ‘ಬದ್ಲಿ’ಯಾಗಿ, ಅಂದರೆ ಬೇರೆಯವರ ಬದಲಿಗೆ, ದುಡಿದವರಿಗೆ ಕೆಲಸ ಖಾಯಂ ಆಗಬೇಕು, ಸರ್ಕಾರ ಮಾನ್ಯ ಮಾಡಿದ ಒಂದೇ ಯೂನಿಯನ್‌ನ ಕಟ್ಟುಪಾಡು ತಪ್ಪಬೇಕು ಅನ್ನುವುದು ಅವರ ಬೇಡಿಕೆ. ಒಂದೆರಡು ತಿಂಗಳಲ್ಲಿ ಮುಗಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅದು ಮುಗಿಯಲೇ ಇಲ್ಲ. ಮುಷ್ಕರ ಹಿಂತೆಗೆದುಕೊಂಡಿದ್ದೇವೆ ಅಂತ ಯಾರೂ ಯಾವತ್ತೂ ಘೋಷಿಸಲಿಲ್ಲ. ಸರ್ಕಾರ ಬಗ್ಗಲಿಲ್ಲ, ಬಟ್ಟೆ ನೇಯುವ ಕೆಲಸ ಭಿವಂಡಿಯಂಥ ಕಡೆ ಪವರ್‌ಲೂಮ್‌ಗಳಿಗೆ ಹೋಯಿತು. ಲಕ್ಷಕ್ಕೂ ಹೆಚ್ಚು ಜನ ಮತ್ತೆ ಗಿರಣಿಯ ಗೇಟು ದಾಟಲಿಲ್ಲ.

ನನಗೆ ಮೊದಲು ನೆನಪಾಗುವುದು ಭೋಂಗಾ ನಿಂತದ್ದು. ಪಾಳಿ ಬದಲಾಗುವಾಗ ಕೂಗುವ ಗಿರಣಿಯ ಸೈರನ್ ಅದು. ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ಬೆಳಗಿನ ಭೋಂಗಾಕ್ಕೆ ಅಮ್ಮ ಒಲೆ ಹಚ್ಚುತ್ತಿದ್ದರು, ಮಧ್ಯಾಹ್ನದ ಭೋಂಗಾಕ್ಕೆ ಹೋಟೆಲಿನಲ್ಲಿ ಉಸಳ್ ಬಿಸಿಯಾಗುತ್ತಿತ್ತು. ಅದು ನಿಂತ ಮೇಲೆ ಕೆಲವು ದಿನ ಅಮ್ಮನಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೆಯದು ಅಪ್ಪಯ್ಯನ ಉದ್ರಿ ಪುಸ್ತಕ. ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ, ಗಲ್ಲೆಯ ಪಕ್ಕದಲ್ಲೇ ಇರುತ್ತಿತ್ತು. ಪ್ರತಿ ಗಿರಾಕಿಗೆ ಒಂದು ಪುಟ. ಚಹಾ, ಪಾವ್, ರೈಸ್ ಪ್ಲೇಟ್ ಎಲ್ಲ ಅದರಲ್ಲಿ ಬರೆಯುವುದು, ಸಂಬಳದ ದಿನ ಚುಕ್ತಾ ಮಾಡಿ ಗೆರೆ ಎಳೆಯುವುದು. 1982ರ ಫೆಬ್ರವರಿಯಿಂದ ಆ ಗೆರೆಗಳೇ ಇಲ್ಲ. ಪುಟ ತುಂಬಿ ಮುಂದಿನ ಪುಟಕ್ಕೆ ಹೋಗಿದೆ, ಅಲ್ಲಿಂದ ಮುಂದಿನ ಪುಟಕ್ಕೆ. ಆಮೇಲಾಮೇಲೆ ರೈಸ್ ಪ್ಲೇಟ್ ಅನ್ನುವ ಶಬ್ದ ಕಡಿಮೆಯಾಗುತ್ತದೆ. ಬರೀ ಚಹಾ ಮತ್ತು ಪಾವ್. ಮಳೆಗಾಲದ ಹೊತ್ತಿಗೆ ಬರೀ ಚಹಾ. ಆಮೇಲೆ ಪುಟ ಖಾಲಿ. ಅಂದರೆ ಆ ಮನುಷ್ಯ ಊರಿಗೆ ಹೋದ ಅಂತ ಅರ್ಥ. ರತ್ನಾಗಿರಿಗೋ, ಸಾತಾರಾಕ್ಕೋ.

ಇನ್ನು ಉದ್ರಿ ಕೊಡಬೇಡಿ ಅಂತ ಅಮ್ಮ ಹೇಳಿದ್ದರು. “ಇವರ ದುಡ್ಡಲ್ಲೇ ಅಲ್ದಾ ನಾವು ಊರಲ್ಲಿ ಮನೆ ಕಟ್ಟಿದ್ದು?” ಅಂತ ಕೇಳಿದರು ಅಪ್ಪಯ್ಯ. ಅಲ್ಲಿಗೆ ಮಾತು ಮುಗಿಯಿತು.

ಅದೇ ವರ್ಷ ಕರ್ನಾಟಕದಲ್ಲಿ ಗೋಕಾಕ್ ಚಳವಳಿ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ ಜನ ಬೀದಿಗೆ ಇಳಿದರು. ರಾಜ್‌ಕುಮಾರ್ ಊರೂರು ತಿರುಗಿದರು. ಚಿಕ್ಕಪ್ಪ ಬರೆದ ಇನ್‌ಲ್ಯಾಂಡ್ ಪತ್ರದ ಮಡಿಕೆಯ ಮೇಲೂ ಅದೇ ಸುದ್ದಿ ತುಂಬಿತ್ತು. ಮುಂದಿನ ಜನವರಿಯಲ್ಲಿ ಚುನಾವಣೆ ನಡೆದು ಗುಂಡೂರಾವ್ ಸರ್ಕಾರ ಹೋಯಿತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಜನರ ಸಿಟ್ಟಿಗೆ ಬೆಲೆ ಸಿಕ್ಕಿತು ಅನ್ನುವ ಹುಮ್ಮಸ್ಸು ಆ ಪತ್ರಗಳಲ್ಲಿ ಎದ್ದು ಕಾಣುತ್ತಿತ್ತು. ಅಪ್ಪಯ್ಯ ಅದನ್ನು ಗಿರಾಕಿಗಳಿಗೆ ಮರಾಠಿಯಲ್ಲಿ ವಿವರಿಸುತ್ತಿದ್ದರು. ಅಲ್ಲಿ ಗೆದ್ದರಂತೆ, ಇಲ್ಲೂ ಗೆಲ್ಲಬಹುದು ಅನ್ನುವ ಹಾಗೆ.

ಒಂದೇ ವರ್ಷದ ಎರಡು ಹೋರಾಟ. ಗೆದ್ದದ್ದನ್ನು ನಾವು ವೇದಿಕೆಯ ಮೇಲೆ ನೆನೆಯುತ್ತೇವೆ, ನೆನೆಯಲೇಬೇಕು. ಸೋತದ್ದಕ್ಕೆ ದಶಕದ ನೆನಪಿನಲ್ಲಿ ಒಂದು ಮೂಲೆಯೂ ಸಿಗಲಿಲ್ಲ. ಇದು ನನಗೆ ನೋವಿನ ವಿಷಯ. ಮುಷ್ಕರ ಮರಾಠಿಗರ ಕತೆ, ನಮಗೇನು ಸಂಬಂಧ ಅನ್ನುವ ಹಾಗೂ ಇಲ್ಲ. ನಮ್ಮ ಹೋಟೆಲಿನಲ್ಲಿ ಕೆಲಸಕ್ಕಿದ್ದ ಇಬ್ಬರು ಹುಡುಗರು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಆಗ ಮುಂಬೈಯಲ್ಲಿ ಅಂಥ ಶಾಲೆಗಳು ಬೇಕಾದಷ್ಟಿದ್ದವು. ಹಗಲು ಲೋಟ ತೊಳೆದು, ರಾತ್ರಿ ಓದಿ ಬ್ಯಾಂಕು ಸೇರಿದವರು, ವಕೀಲರಾದವರು ನನಗೆ ಎಷ್ಟೋ ಜನ ಗೊತ್ತು. ವ್ಯಾಪಾರ ಬಿದ್ದ ಮೇಲೆ ಆ ಇಬ್ಬರನ್ನೂ ಊರಿಗೆ ಕಳಿಸಬೇಕಾಯಿತು. ಒಬ್ಬನಿಗೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೆಲವೇ ತಿಂಗಳಿತ್ತು. ಅವನ ಪಠ್ಯಪುಸ್ತಕಗಳು ನಮ್ಮ ಅಟ್ಟದ ಮೇಲೆ ಬಹಳ ಕಾಲ ಇದ್ದವು. ಕನ್ನಡಕ್ಕಾಗಿ ಊರು ಎದ್ದು ನಿಂತ ವರ್ಷವೇ ಮುಂಬೈಯ ಒಬ್ಬ ಕನ್ನಡ ಹುಡುಗನ ಓದು ನಿಂತಿತು.

ಆ ಹತ್ತು ವರ್ಷ ಒಳ್ಳೆಯದನ್ನೂ ತಂದಿತು. 1986ರಲ್ಲಿ ಕಿತ್ತೂರಿನಲ್ಲಿ ನಮ್ಮವರೇ ತಯಾರಿಸಿದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಟ್ರಂಕ್ ಕಾಲ್‌ಗೆ ದಿನವಿಡೀ ಕಾಯುತ್ತಿದ್ದ ನಮ್ಮಂಥವರಿಗೆ ಎಸ್‌ಟಿಡಿ ಬೂತ್ ದೊಡ್ಡ ವರ. 1984 ಮಾತ್ರ ಬೇರೆಯೇ. ಇಂದಿರಾ ಗಾಂಧಿ ಹತ್ಯೆ, ದೆಹಲಿಯಲ್ಲಿ ಸಿಖ್ಖರ ಕಗ್ಗೊಲೆ, ಭೋಪಾಲದ ವಿಷಾನಿಲ, ಎಲ್ಲ ಎರಡು ತಿಂಗಳೊಳಗೆ. ಆ ವರ್ಷವನ್ನು ನಮ್ಮ ಹರಟೆ ಸುಮ್ನೆ ದಾಟಿ ಹೋಗುತ್ತದೆ.

ರಾಮಾಯಣ ಬಂದದ್ದು 1987ರ ಜನವರಿಯಲ್ಲಿ. ನಮ್ಮ ಚಾಳಿನ ಎರಡನೇ ಮಾಳಿಗೆಯ ಒಂದು ಖೋಲಿಯಲ್ಲಿ ಟಿವಿ ಇತ್ತು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಕಾಲಿಡಲು ಜಾಗವಿಲ್ಲ. ಆ ಹೊತ್ತಿಗೆ ಹೋಟೆಲೂ ಖಾಲಿ. ಭಾವ ಹೇಳುವುದು ಅಕ್ಷರಶಃ ನಿಜ. ಆದರೆ ಅದೇ ವರಾಂಡದಲ್ಲಿ ಮೂರು ಖೋಲಿಗಳಿಗೆ ಬೀಗ ಬಿದ್ದಿತ್ತು. ಅದರಲ್ಲೊಂದು ನನ್ನ ಗೆಳೆಯನ ಮನೆ. ಅವನು ಎಲ್ಲಿ ಕೂತು ರಾಮಾಯಣ ನೋಡಿದನೋ, ನೋಡಿದನೋ ಇಲ್ಲವೋ. ಇಡೀ ದೇಶ ಅನ್ನುವಾಗ ನನಗೆ ಆ ಬೀಗಗಳು ಕಣ್ಣಿಗೆ ಬರುತ್ತವೆ.

ಈಗ ಗಿರಣಿಗಳ ಜಾಗದಲ್ಲಿ ಮಾಲ್‌ಗಳು, ಗಾಜಿನ ಆಫೀಸುಗಳು. ಹೋಟೆಲನ್ನು ನಾವೂ ಮಾರಿದೆವು. ಉದ್ರಿ ಪುಸ್ತಕ ಮಾತ್ರ ನನ್ನ ಹತ್ತಿರ ಇದೆ. ಅದರೊಳಗೆ ಮನಿಆರ್ಡರ್‌ನ ಒಂದು ಚೂರು ಉಳಿದಿದೆ. 1985ರದ್ದು, ಚಿಪ್ಳೂಣ್ ಕಡೆಯ ಒಂದು ಹಳ್ಳಿಯಿಂದ ಬಂದದ್ದು. ನಲವತ್ತು ರೂಪಾಯಿ. ‘ಶೇಟ್, ಚಹಾದ ಬಾಕಿ’ ಅಂತ ಮರಾಠಿಯಲ್ಲಿ ಮೂರೇ ಶಬ್ದ ಬರೆದಿದ್ದಾನೆ. ಅವನ ಪುಟದಲ್ಲಿ ಅಪ್ಪಯ್ಯ ಗೆರೆ ಎಳೆದಿದ್ದಾರೆ.

ಕೊಂಕಣ ರೈಲು ಬಂದ ಮೇಲೆ ಊರಿಗೆ ಹೋಗುವ ದಾರಿ ಆ ಗಿರಾಕಿಗಳ ಹಳ್ಳಿಗಳ ಮೂಲಕವೇ ಹಾದು ಹೋಗುತ್ತದೆ. ಚಿಪ್ಳೂಣ್‌ನಲ್ಲಿ ಗಾಡಿ ನಿಂತಾಗ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಮುಂದಿನ ಸಲ ಭಾವನಿಗೆ ತೋರಿಸಲು ಆ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ.