ರಂಧ್ರ ಮುಚ್ಚಿದರೆ ಮುಗಿಯಿತೇ?

‘ಆಪರೇಷನ್ ಆದರೆ ಫಿಸ್ಟುಲಾ ಕಥೆ ಅಲ್ಲಿಗೆ ಮುಗಿಯಿತು’ ಎಂದು ಹೆರಿಗೆಯಿಂದಾಗುವ ಫಿಸ್ಟುಲಾ ಕುರಿತ ಲೇಖನವೊಂದು ಹೇಳುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ದಿನಗಟ್ಟಲೆ ಹೆರಿಗೆ ನೋವು ತಿಂದ ಹೆಣ್ಣಿಗೆ, ಮಗುವಿನ ತಲೆ ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಅಂಗಾಂಶ ಸತ್ತು, ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರವಾಗಿ ಮೂತ್ರ ತಡೆಯಿಲ್ಲದೆ ಸೋರುತ್ತದೆ; ಅದೇ ಫಿಸ್ಟುಲಾ. ಅಂಥ ಹೆರಿಗೆಗಳಲ್ಲಿ ಹೆಚ್ಚಾಗಿ ಮಗುವೂ ಉಳಿದಿರುವುದಿಲ್ಲ. ಅದೇ ಒತ್ತಡಕ್ಕೆ ನರ ಜಖಂಗೊಂಡು ಕೆಲವರಿಗೆ ಪಾದ ಎತ್ತಿ ನಡೆಯಲೂ ಆಗದು. ರಂಧ್ರ ಸರಿಯಾಗಿ ಮುಚ್ಚಿದ ಮೇಲೂ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವವರಿದ್ದಾರೆ. ಅವರನ್ನು ‘ವಾಸಿಯಾಯಿತು’ ಎಂದು ಮನೆಗೆ ಕಳಿಸಿಬಿಟ್ಟರೆ, ತಪ್ಪು ತಮ್ಮದೇ ಎಂದುಕೊಂಡು ಮತ್ತೆ ಬಾಯಿ ಬಿಡುವುದಿಲ್ಲ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ 1974ರಲ್ಲಿ ಫಿಸ್ಟುಲಾ ಆಸ್ಪತ್ರೆ ತೆರೆದ ವೈದ್ಯ ದಂಪತಿ ಹ್ಯಾಮ್ಲಿನ್, ಚಿಕಿತ್ಸೆ ಪಡೆದ ಮಹಿಳೆಯರನ್ನೇ ರೋಗಿಗಳ ಆರೈಕೆಗೆ ತರಬೇತುಗೊಳಿಸಿದರು. ಆ ನೋವು ಉಂಡವರ ಎದುರು ಮಾತು ಸಲೀಸಾಗಿ ಹೊರಬರುತ್ತದೆ.

ಲೇಖನ ಮುಟ್ಟದೇ ಬಿಟ್ಟದ್ದು ನೀರಿನ ವಿಷಯ. ಸೋರುತ್ತದೆಂಬ ಹೆದರಿಕೆಗೆ ಎಷ್ಟೋ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೂತ್ರ ಗಾಢವಾದಷ್ಟೂ ವಾಸನೆ ಹೆಚ್ಚು, ತೊಡೆಯ ಚರ್ಮದ ಉರಿಯೂ ಹೆಚ್ಚು. ಅವರಿಗೆ ಧಾರಾಳವಾಗಿ ನೀರು ಕುಡಿಯಿರಿ ಎಂದು ಹೇಳಬೇಕು.

ಇನ್ನೊಂದು ಮಾತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಸೋರಿಕೆ ಗೊತ್ತಾದರೆ, ಕ್ಯಾತಿಟರ್ (ಮೂತ್ರ ಹೊರಹರಿಸುವ ಕೊಳವೆ) ಹಾಕಿ ಕೆಲವು ವಾರ ಮೂತ್ರಕೋಶ ಖಾಲಿ ಇಟ್ಟಾಗ ಸಣ್ಣ ರಂಧ್ರ ಆಪರೇಷನ್ ಇಲ್ಲದೆಯೂ ಕೂಡಿಕೊಳ್ಳಬಹುದು. ನಾಚಿಕೆಯಲ್ಲಿ ದಿನ ಕಳೆದರೆ ಆ ಅವಕಾಶ ತಪ್ಪಿಹೋಗುತ್ತದೆ. ಆದ್ದರಿಂದ ಬಾಣಂತಿಯನ್ನು ನೋಡಲು ಬರುವ ದಾದಿಯರು ‘ಮೂತ್ರ ಸೋರುತ್ತಿದೆಯೇನಮ್ಮ?’ ಎಂದು ತಾವಾಗಿಯೇ, ಬೇರೆಯವರು ಇಲ್ಲದಾಗ, ಕೇಳಬೇಕು.