ಹೋಳಿಗೆ ಬುಟ್ಟಿ ಹಿಡಿದ ಡಾಕ್ಟರು

ನಿನ್ನೆ ತೀರ್ಥಹಳ್ಳಿ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಚೆನ್ನಾಗಿತ್ತು. ಅಪ್ಪೆಹುಳಿಯಂತೂ ಎರಡು ಸಲ ಹಾಕಿಸಿಕೊಂಡು ಕುಡಿದೆ. ಆದರೆ ವಾಪಸ್ ಬರುವಾಗ ಬಸ್ಸು ಮಂಡಗದ್ದೆ ದಾಟಿ ಗಾಜನೂರಿಗೆ ಬಂದರೂ ಸಿಟ್ಟು ಇಳಿದಿರಲಿಲ್ಲ. ಬೆಳಿಗ್ಗೆ ಎದ್ದರೂ ಹಾಗೇ ಇದೆ. ಅದಕ್ಕೇ ಇಲ್ಲಿ ಬರೆದು ಇಳಿಸುತ್ತಿದ್ದೇನೆ.

ಎದುರು ಸಾಲಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಇಪ್ಪತ್ತೈದು ಇರಬಹುದು. ಮುಖ ದುಂಡಗೆ, ಕೆಂಪಗೆ. ಹೋಳಿಗೆ ಬಡಿಸಲು ಬಂದವರು, ವರಸೆಯಲ್ಲಿ ನನಗೆ ಅತ್ತೆಯಾಗಬೇಕು, ಅವಳ ಎಲೆ ಮುಂದೆ ನಿಂತು ಇಡೀ ಪಂಕ್ತಿಗೆ ಕೇಳುವ ಹಾಗೆ, "ನಿಂಗೆ ಅರ್ಧ ಸಾಕು ಮಾರಾಯ್ತಿ. ಅನ್ನ ಬಿಡು, ವಾಕಿಂಗ್ ಮಾಡು. ಹಿಂಗೇ ಇದ್ರೆ ಮದ್ವೆ ಆಗೋದು ಹೆಂಗೆ?" ಅಂದರು. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಆ ನಗು ನನಗೆ ಗೊತ್ತು. ಮೂರು ವರ್ಷ ನಾನೂ ಅದನ್ನೇ ನಕ್ಕಿದ್ದೇನೆ.

ಊಟ ಮುಗಿದು ಏಳುವಾಗ ಗಮನಿಸಿದೆ. ಅವಳಿಗೆ ಸುಮ್ನೆ ನೆಲದಿಂದ ಏಳಲು ಆಗಲಿಲ್ಲ. ಪಕ್ಕದವಳ ಭುಜ ಹಿಡಿದು ಎದ್ದಳು. ಹೊಟ್ಟೆ ದಪ್ಪ, ಕೈಕಾಲು ಸಣ್ಣ. ಬಳೆ ತಾಗುವ ಕಡೆ ನೀಲಿ ಕಲೆ.

ನನ್ನ ಕಥೆ ಹೆಚ್ಚಿನವರಿಗೆ ಗೊತ್ತು. ಕುಶಿಂಗ್ ಕಾಯಿಲೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಕಾಳುಮೆಣಸಿನಷ್ಟು ಒಂದು ಗಂಟು. ಅದು ಹಗಲೂ ರಾತ್ರಿ ಅಡ್ರಿನಲ್ ಗ್ರಂಥಿಗಳನ್ನು ದುಡಿಸುತ್ತಿತ್ತು. ಅಡ್ರಿನಲ್ ಅಂದರೆ ಕಿಡ್ನಿಗಳ ಮೇಲೆ ಟೋಪಿ ಹಾಕಿದ ಹಾಗೆ ಕೂತಿರುವ ಎರಡು ಪುಟ್ಟ ಗ್ರಂಥಿ. ಒಂದೊಂದೂ ನಾಲ್ಕೈದು ಗ್ರಾಂ ತೂಗುತ್ತದೆ, ಅಷ್ಟೇ. ಅವು ಮಾಡುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಬೆಳಿಗ್ಗೆ ಏರಬೇಕು, ನಡುರಾತ್ರಿ ಹೊತ್ತಿಗೆ ಇಳಿಯಬೇಕು. ನನ್ನದು ಇಳಿಯುತ್ತಲೇ ಇರಲಿಲ್ಲ. ಕಾರ್ಟಿಸಾಲ್ ಜಾಸ್ತಿಯಾದರೆ ಲಿವರ್ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಅದಕ್ಕೆ ಸಾಮಾನು ಬೇಕಲ್ಲ, ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಇನ್ಸುಲಿನ್ ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ಕೊಬ್ಬು ಹೋಗಿ ಹೊಟ್ಟೆ, ಮುಖ, ಕತ್ತಿನ ಹಿಂದೆ ಕೂರುತ್ತದೆ. ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ನನ್ನೊಳಗೆ ವರ್ಷವಿಡೀ ಆಲೆಮನೆ ನಡೆಯುತ್ತಿತ್ತು. ಕಬ್ಬು ನನ್ನದೇ ತೊಡೆ. ಇದಕ್ಕೆ ಊರವರ ಮದ್ದು ಏನು? ಅನ್ನ ಬಿಡು.

ಬಿಟ್ಟೆ ಮಾರಾಯ್ರೆ. ಮಲೆನಾಡಿನಲ್ಲಿ ಹುಟ್ಟಿ ಎಂಟು ತಿಂಗಳು ಅನ್ನ ಬಿಟ್ಟೆ. ಕಡುಬು ಬಿಟ್ಟೆ. ತಂಬುಳಿಯನ್ನು ಲೋಟದಲ್ಲಿ ಕುಡಿದೆ. ದಿನಾ ಬೆಳಿಗ್ಗೆ ತುಂಗಾ ಸೇತುವೆವರೆಗೆ ನಡೆದೆ. ತೂಕ ಆರು ಕೆಜಿ ಏರಿತು. ಡಯಟ್ ಬರೆದುಕೊಟ್ಟವರು, "ನಿಜ ಹೇಳಿ, ರಾತ್ರಿ ಕದ್ದು ಏನು ತಿಂತೀರಿ?" ಅಂತ ಕೇಳಿದರು. ಕಳ್ಳಿಯ ಹಾಗೆ ತಲೆ ತಗ್ಗಿಸಿದೆ. ತಿಂದಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಒಬ್ಬರು ಸಕ್ಕರೆಗೆ ಮಾತ್ರೆ ಕೊಟ್ಟರು, ಒಬ್ಬರು ಬಿಪಿಗೆ, ಇನ್ನೊಬ್ಬರು ಪಿಸಿಓಡಿ, ಅಂದರೆ ಅಂಡಾಶಯದ ತೊಂದರೆ ಅಂದರು. ಎಲ್ಲವನ್ನೂ ಜೋಡಿಸಿ ಯಾರೂ ನೋಡಲಿಲ್ಲ.

ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನನ್ನ ಹೊಟ್ಟೆ ಮೇಲಿನ ಬೆರಳಗಲದ ನೇರಳೆ ಗೆರೆಗಳನ್ನು ನೋಡಿ ಒಂದು ಕ್ಷಣ ಸುಮ್ಮನಾದರು. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಅಂದರೆ ದೇಹ ಕಾರ್ಟಿಸಾಲ್ ಮಾಡುವುದನ್ನು ತಡೆಯುವ ಮಾತ್ರೆ, ನುಂಗಿ, ಬೆಳಿಗ್ಗೆ 8ಕ್ಕೆ ರಕ್ತ ಕೊಡಿ ಅಂದರು. ಆರೋಗ್ಯವಾಗಿರುವವರಲ್ಲಿ ಕಾರ್ಟಿಸಾಲ್ ಆಗ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗೆ ಬರುತ್ತದೆ. ನನ್ನದು 17. ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಸರ್ಜನ್ 1912ರಲ್ಲೇ ಇಂಥ ರೋಗಿಯೊಬ್ಬಳ ಬಗ್ಗೆ ಬರೆದಿದ್ದರು. 1932ರಲ್ಲಿ ಪಿಟ್ಯುಟರಿ ಕಡೆ ಬೆರಳು ತೋರಿಸಿದರು. ನಮ್ಮ ಪಂಕ್ತಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಬೆಂಗಳೂರಿನಲ್ಲಿ ಮೂಗಿನ ಮೂಲಕ ಆಪರೇಷನ್ ಆಯಿತು. ಊರಲ್ಲಿ ಹಬ್ಬಿದ್ದು ಬೇರೆಯೇ. "ಅವ್ಳಿಗೆ ಮೂಗಿನಿಂದ ಹೊಟ್ಟೆ ಕರಗಿಸಿದ್ರಂತೆ."

ಗಂಟು ಹೋದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ನನ್ನ ದೇಹ ತಾನೇ ಕಾರ್ಟಿಸಾಲ್ ಮಾಡಲು ಒಂದು ವರ್ಷ ಬೇಕಾಯಿತು, ಅಲ್ಲಿವರೆಗೆ ಅದರ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ. ತೂಕ ನಿಧಾನವಾಗಿ 14 ಕೆಜಿ ಇಳಿದಿದೆ. ಸಕ್ಕರೆ ಮಾತ್ರೆ ಅರ್ಧಕ್ಕೆ ಬಂದಿದೆ, ನಿಂತಿಲ್ಲ. ಬಿಪಿ ಮಾತ್ರೆಯೂ ಇದೆ. ಹಾರ್ಮೋನ್ ಸರಿಯಾದರೂ ಹೃದಯದ ಮೇಲೆ ಒಂದು ಕಣ್ಣಿರಲಿ ಅಂದಿದ್ದಾರೆ. ಹಾಗಾಗಿ ಈಗ ಅನ್ನ ಅಳೆದೇ ಉಣ್ಣುತ್ತೇನೆ. ನಗಬೇಡಿ.

ಹಾಗಾದರೆ ದಪ್ಪಗಿರುವವರಿಗೆಲ್ಲ ಇದೇ ಕಾಯಿಲೆಯಾ ಅಂತ ಯಾರಾದರೂ ಕೇಳ್ತೀರಿ. ಇಲ್ಲ, ಇದು ಬಲು ಅಪರೂಪ. ಹೆಚ್ಚಿನವರ ಹೊಟ್ಟೆಗೆ ಊಟ, ಕೂತಲ್ಲೇ ಕೂರುವುದು, ವಂಶ ಇವೇ ಕಾರಣ. ಸರಿ. ಆದರೆ ಯಾರದ್ದು ಯಾವುದು ಅಂತ ಹೋಳಿಗೆ ಬುಟ್ಟಿ ಹಿಡಿದು ನಿಂತವರಿಗೆ ಹೇಗೆ ಗೊತ್ತಾಯಿತು? "ಪ್ರೀತಿಯಿಂದ ಹೇಳೋದು ಕಣೆ" ಅನ್ನುತ್ತಾರೆ. ನಲವತ್ತು ಜನರ ಎದುರಿಗೇ ಉಕ್ಕುವ ಪ್ರೀತಿ ಅದು.

ಇಷ್ಟೆಲ್ಲ ಬರೆಯುವ ನಾನೇನು ಸಾಚಾ ಅಲ್ಲ. ನನಗೆ ಕಾಯಿಲೆ ಬರುವ ಮುಂಚೆ ಚಿಕ್ಕಮ್ಮನಿಗೆ ಇದೇ ಮಾತು ಹೇಳಿದ್ದೆ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ಸುಲಿದು ಅವರ ಮಂಡಿ ಹೋಗಿತ್ತು. ಸಂತೆಯಲ್ಲಿ ಯಾರೋ ಮಾರುತ್ತಿದ್ದ ಪುಡಿ ತಂದು ನುಂಗುತ್ತಿದ್ದರು. ಗಿಡಮೂಲಿಕೆ ಅಂತ ಹೆಸರು. ನೋವು ಮಂತ್ರ ಹಾಕಿದ ಹಾಗೆ ಹೋಯಿತು. ಹಸಿವು ಹೆಚ್ಚಿತು, ಮುಖ ಊದಿತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದರೆ ಸಕ್ಕರೆ ಸರಿ, ಮಧ್ಯಾಹ್ನ ಊಟ ಆದ ಮೇಲೆ 280. ನಾನು ದೊಡ್ಡ ಬುದ್ಧಿವಂತೆ. "ಚಿಕ್ಕಮ್ಮ, ಅನ್ನ ಕಡಿಮೆ ಮಾಡಿ, ಆ ಪುಡಿ ಬಿಸಾಕಿ" ಅಂದೆ. ಬಿಸಾಕಿದರು. ನಾಲ್ಕನೇ ದಿನ ವಾಂತಿ ಶುರುವಾಗಿ, ಬಿಪಿ ಕುಸಿದು ಹಿತ್ತಿಲಲ್ಲೇ ಬಿದ್ದರು.

ಪುಡಿಯಲ್ಲಿ ಸ್ಟಿರಾಯ್ಡ್, ಅಂದರೆ ಕಾರ್ಟಿಸಾಲ್ ಹಾಗೇ ಕೆಲಸ ಮಾಡುವ ಔಷಧಿ, ಬೆರೆಸಿದ್ದರು. ತಿಂಗಳುಗಟ್ಟಲೆ ಹೊರಗಿನಿಂದ ಸಿಗುತ್ತಿದ್ದುದರಿಂದ ಅವರ ಅಡ್ರಿನಲ್ ಕೆಲಸ ಮರೆತು ಮಲಗಿತ್ತು. ಅಂಥದ್ದನ್ನು ಒಂದೇ ಸಲ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಂದ ಹಾಗೆ, ನನ್ನ ಹಾಗೆ ಗಂಟು ಬಂದು ಊದಿದವರಿಗಿಂತ ಹೀಗೆ ಔಷಧಿಯಿಂದ ಊದಿದವರೇ ಜಾಸ್ತಿ. ಚಿಕ್ಕಮ್ಮ ಉಳಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಅದೇ ಇನ್ನೂ ಚುಚ್ಚುತ್ತದೆ.

ನಿನ್ನೆ ಕೈ ತೊಳೆಯುವ ಕಡೆ ಆ ಹುಡುಗಿಯ ಪಕ್ಕ ಹೋಗಿ ನಿಂತೆ. ಮಾತು ಹೊರಡಲಿಲ್ಲ. ನಾನೂ ಅವಳ ಮೈ ನೋಡಿಯೇ ತೀರ್ಮಾನಕ್ಕೆ ಬಂದಿದ್ದೆ, ಅಲ್ವಾ? ಕೊನೆಗೆ ಫೋನಿನಲ್ಲಿದ್ದ ನನ್ನ ಹಳೇ ಫೋಟೋ ತೆಗೆದು ತೋರಿಸಿದೆ. ತುಂಬಾ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಅಕ್ಕ, ಯಾವ ಡಾಕ್ಟರಿಗೆ ತೋರಿಸಿದ್ರಿ?" ಅಂದಳು.

ಇದನ್ನು ಬರೆಯುತ್ತಿರುವಾಗಲೇ ಹೋಳಿಗೆ ಅತ್ತೆಯ ಫೋನು ಬಂತು. "ಆ ಮೂಗಿನ ಡಾಕ್ಟರ್ ನಂಬರ್ ಕೊಡೇ, ನಂಗೂ ಹೊಟ್ಟೆ ಬಂದಿದೆ" ಅಂದರು.

"ನಿಮ್ಗೆ ಅನ್ನ ಬಿಟ್ರೆ ಸಾಕು ಅತ್ತೆ" ಅಂದೆ.