ಮಹಾರಾಜರ ಕೆಳಗೇ ನಿಂತಿದ್ದೇನೆ

ಮೈಸೂರಿನವರು ಅರಮನೆ ಕಡೆ ಸುಮ್‌ಸುಮ್ನೆ ಹೋಗುವುದಿಲ್ಲ. ನೆಂಟರು ಬಂದರೆ ಹೋಗುತ್ತಾರೆ. ನೆಂಟರು ಬ್ಯಾಗು ಕೆಳಗಿಟ್ಟು, ಕಾಫಿ ಲೋಟ ಕೈಗೆ ತೆಗೆದುಕೊಳ್ಳುತ್ತಲೇ ಕೇಳುವ ಮೊದಲ ಪ್ರಶ್ನೆ, ‘ಇವತ್ತು ಅರಮನೆ ಲೈಟಿಂಗ್ ಇದೆ ಅಲ್ವಾ?’ ಅಂತ. ಇವರು ಭಾನುವಾರವೇ ಯಾಕೆ ಬಂದರು ಅನ್ನುವುದು ನಮಗೆ ಆಗ ಹೊಳೆಯುತ್ತದೆ. ನನ್ನ ಹೆಂಡತಿಗೆ ಇಂಥ ಭಾನುವಾರಗಳಲ್ಲೇ ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರುವಾಗುತ್ತದೆ. ಹೀಗಾಗಿ ಅವಳ ಸೋದರಮಾವನನ್ನು ಕೋಟೆ ಸುತ್ತ ನಡೆಸುವ ಭಾಗ್ಯ ನನ್ನದಾಯಿತು.

ಮಾಮಾ ಧಾರವಾಡದವರು. ಎಂಜಿನಿಯರ್ ಆಗಿ ರಿಟೈರ್ ಆದವರು. ಆದರೆ ಅವರ ಒಳಗಿನ ಎಂಜಿನಿಯರ್ ಇನ್ನೂ ರಿಟೈರ್ ಆಗಿಲ್ಲ. ಯಾವ ಕಟ್ಟಡ ಕಂಡರೂ ಒಮ್ಮೆ ಕೈಯಿಂದ ತಟ್ಟಿ ನೋಡುತ್ತಾರೆ. ಜೊತೆಗೆ ಮಾಮಿ. ಅವರದು ಮಾತು ಕಡಿಮೆ, ನೋಟ ಜಾಸ್ತಿ. ಮೂರನೆಯವನು ಮೊಮ್ಮಗ, ಪುಣೆಯಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದುವ ಹುಡುಗ. ನಾಲ್ಕು ಗಂಟೆಗೆ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಏಳಕ್ಕೆ ಅರಮನೆಯ ದೀಪ ಹತ್ತುತ್ತದೆ. ಮಧ್ಯೆ ಮೂರು ಗಂಟೆ. ಬಿಸಿಲು ಇಳಿಯುವ ಹೊತ್ತು, ನಿಧಾನಕ್ಕೆ ಒಂದು ಸುತ್ತು ಹಾಕುವುದು ಅಂತ ಲೆಕ್ಕ.

ಕಥೆಗೆ ಹೋಗುವ ಮೊದಲು ಹೊರಗಿನವರಿಗೆ ಒಂದು ವಿಷಯ ಹೇಳಿಬಿಡಬೇಕು. ಮೈಸೂರಿನ ಈ ರಾಜಬೀದಿಗಳಲ್ಲಿ ಕಳೆದುಹೋಗುವುದು ಬಹಳ ಸುಲಭ. ಗುರುತು ಇಲ್ಲ ಅಂತ ಅಲ್ಲ, ಗುರುತು ಜಾಸ್ತಿ ಅಂತ. ಗಡಿಯಾರದ ಹತ್ತಿರ ಬಾ ಅನ್ನೋಣ ಅಂದರೆ ಗಡಿಯಾರ ಎರಡಿವೆ. ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ. ರಾಜರ ಪ್ರತಿಮೆ ಹತ್ತಿರ ಸಿಗೋಣ ಅಂದರೆ ಕೂಗಳತೆಯಲ್ಲೇ ಮೂರು ಸರ್ಕಲ್, ಮೂವರು ರಾಜರು. ಕೆ.ಆರ್. ಸರ್ಕಲಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಅರಮನೆಯ ಉತ್ತರ ಬಾಗಿಲಿಗೆ ಎದುರಾಗಿ ಅವರ ತಂದೆ ಚಾಮರಾಜ ಒಡೆಯರು. ಈಶಾನ್ಯದ ಮೂಲೆಯಲ್ಲಿ, ನಾಲ್ವಡಿಯವರ ತಮ್ಮನ ಮಗ ಜಯಚಾಮರಾಜ ಒಡೆಯರು. ಅಜ್ಜ, ಮಗ, ಮೊಮ್ಮಗ. ಮೂವರಿಗೂ ಪೇಟ. ಮೂವರ ತಲೆ ಮೇಲೂ ಮಂಟಪ, ಮಂಟಪಕ್ಕೆ ಬಂಗಾರದ ಬಣ್ಣದ ಗುಮ್ಮಟ.

ಹೆಸರುಗಳದ್ದೂ ಇದೇ ಕಥೆ. ಕೆ.ಆರ್. ಸರ್ಕಲ್, ಕೆ.ಆರ್. ಆಸ್ಪತ್ರೆ, ಕೆ.ಆರ್. ಮೊಹಲ್ಲಾ. ಚಾಮರಾಜ ಸರ್ಕಲ್, ಚಾಮರಾಜ ಜೋಡಿರಸ್ತೆ, ಚಾಮರಾಜಪುರಂ. ಪ್ರಾಣಿಗಳನ್ನು ನೋಡಲು ಹೋದರೂ ಅದು ಚಾಮರಾಜೇಂದ್ರ ಮೃಗಾಲಯ. ಇಷ್ಟು ಸಾಲದು ಅಂತ, ಜಯಚಾಮರಾಜ ವೃತ್ತ ಅಂತ ಬೋರ್ಡು ಇರುವ ಜಾಗವನ್ನು ಆಟೋದವರು ಇವತ್ತಿಗೂ ಹಾರ್ಡಿಂಜ್ ಸರ್ಕಲ್ ಅನ್ನುತ್ತಾರೆ. ಊರಿನವರಿಗೆ ಇದೆಲ್ಲ ಕಾಲಿಗೇ ಗೊತ್ತಿರುತ್ತದೆ, ತಲೆ ಬೇಕಾಗುವುದಿಲ್ಲ. ನೆಂಟರ ಕಾಲಿಗೆ ಗೊತ್ತಿರುವುದಿಲ್ಲ.

ಮೊದಲು ದೇವರಾಜ ಮಾರುಕಟ್ಟೆಗೆ ಹೋದೆವು. ಮಾಮಿಗೆ ಮಲ್ಲಿಗೆ ಬೇಕಿತ್ತು. ಹೂವಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಮಾಲೆಯ ತುದಿ ಹಿಡಿದು, ಮೊಣಕೈಯಿಂದ ಬೆರಳ ತುದಿಯವರೆಗೆ ‘ಒಂದು ಮೊಳ, ಎರಡು ಮೊಳ’ ಅಂತ ಸರಸರ ಅಳೆದರು. ಮಾಮಾ ಕನ್ನಡಕ ಮೇಲೆ ಸರಿಸಿದರು.

‘ಏನಬೇ, ನಿನ್ನ ಮೊಳ ಭಾಳ ಸಣ್ಣದೈತಿ.’

ಅಜ್ಜಿ ಕುಳ್ಳಗಿದ್ದರು ನಿಜ. ಮಾಮಾ ಆರಡಿ ಆಳು. ತಮ್ಮ ಕೈ ಚಾಚಿ, ಅದೇ ಮಾಲೆಯನ್ನು ಅದರ ಮೇಲೆ ಇಟ್ಟು ತೋರಿಸಿದರು. ಎರಡು ಮೊಳದ ಹೂವು ಅವರ ಕೈಯಲ್ಲಿ ಒಂದೂವರೆ ಮೊಳ ಆಯಿತು. ‘ನೋಡ್ರೀ ಅಳಿಯಂದ್ರ, ನೂರಕ್ಕ ಇಪ್ಪತ್ತೈದು ಪರ್ಸೆಂಟ್ ಕಡಿಮಿ’ ಅಂದರು. ಹಿಂದೆ ನಿಂತಿದ್ದ ಗಿರಾಕಿಗಳೂ ತಮ್ಮ ತಮ್ಮ ಮೊಣಕೈ ನೋಡಿಕೊಳ್ಳತೊಡಗಿದರು. ಅಜ್ಜಿ ಮಾತ್ರ ಹೂವಿಗೆ ನೀರು ಚಿಮುಕಿಸುತ್ತಾ, ‘ಯಜಮಾನ್ರೇ, ನಿಮ್ಮ ಕೈ ಇಲ್ಲೇ ಬಿಟ್ಟು ಹೋಗಿ. ನಾಳೆಯಿಂದ ಅದರಲ್ಲೇ ಅಳೀತೀನಿ’ ಅಂದರು. ಮಾಮಿ ದುಡ್ಡು ಕೊಟ್ಟು ಹೂವು ಮುಡಿದುಕೊಂಡು ಮುಂದೆ ಹೋಗಿಯೇ ಬಿಟ್ಟರು.

ಮುಂದೆ ಕುಂಕುಮದ ಅಂಗಡಿಗಳು. ತಟ್ಟೆಗಳಲ್ಲಿ ಗೋಪುರದ ಹಾಗೆ ಏರಿಸಿಟ್ಟ ಕೆಂಪು, ಹಳದಿ, ನೀಲಿ, ಕಡುಗುಲಾಬಿ ಪುಡಿ. ತುದಿ ಎಷ್ಟು ಚೂಪು ಅಂದರೆ ಉಸಿರು ಬಿಡಲೂ ಹೆದರಿಕೆ. ಮೊಮ್ಮಗ ಉಸಿರು ಬಿಟ್ಟ. ಸುಮ್ಮನೆ ಅಲ್ಲ, ಸೀನಿದ. ಅಂಗಡಿಯವನು ಏನೂ ಅನ್ನಲಿಲ್ಲ, ಪಾಪ. ಚಮಚದ ಹಿಂಬದಿಯಿಂದ ಗೋಪುರವನ್ನು ಮತ್ತೆ ತಿದ್ದಿದ. ಆದರೆ ಮಾಮಾನ ಬಿಳಿ ಅಂಗಿಯ ಎಡಭಾಗ ಕಡುಗುಲಾಬಿ ಆಯಿತು. ಒರೆಸಿದಷ್ಟೂ ಹರಡಿತು.

‘ನೀವ ಹೊರಗ ಹೋಗ್ರಿ. ನಾ ಕುಂಕಮ, ಊದಿನಕಡ್ಡಿ ತೊಗೊಂಡ ಬರ್ತೀನಿ’ ಅಂದರು ಮಾಮಿ. ‘ಹಂಗಾರ ಗಡಿಯಾರದ ಹತ್ರ ಇರ್ತೇವಿ’ ಅಂತ ಮಾಮಾ ಹೇಳಿದರು. ಆ ಮಾತು ಬಂದದ್ದು ಅವರ ಬಾಯಿಂದ ಅನ್ನುವುದು ದಾಖಲೆಯಲ್ಲಿರಲಿ. ನಾನು ಆಗ ಹುಡುಗನ ಮೂಗು ಒರೆಸುತ್ತಿದ್ದೆ.

ಮಾಮಾ ನೋಡಬೇಕೆಂದಿದ್ದದ್ದು ದೊಡ್ಡ ಗಡಿಯಾರ. ಅಲ್ಲಿಗೇ ನಡೆದೆವು. 75 ಅಡಿ ಎತ್ತರ, 1927ರಲ್ಲಿ ಕಟ್ಟಿಸಿದ್ದು. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ ಅರಮನೆಯ ನೌಕರರು ಕಟ್ಟಿಸಿದ್ದು ಅಂತ ಹೇಳಿದೆ. ‘ನೌಕರರು ಸ್ವಂತ ರೊಕ್ಕದಾಗ? ನಮ್ಮ ಆಫೀಸ್ನ್ಯಾಗ ಬೀಳ್ಕೊಡುಗೆಗೆ ಒಂದ ಹಾರ ತರೂಮಟ ಸಾಕಾಗ್ತಿತ್ತು’ ಅಂತ ಮಾಮಾ ಕಲ್ಲು ತಟ್ಟಿದರು. ಹುಡುಗ ಕತ್ತೆತ್ತಿ ನೋಡಿ, ‘ಅಜ್ಜಾ, ಈ ಕ್ಲಾಕಿನಲ್ಲಿ ನಂಬರ್ಸೇ ಇಲ್ಲ. ಬರೀ ಡಿಸೈನ್ ಇದೆ’ ಅಂದ. ಅಲ್ಲಿ ಇರುವುದು ಕನ್ನಡದ ಅಂಕಿ. ಮಾಮಾ ಅವನನ್ನು ನಿಲ್ಲಿಸಿ ೧ರಿಂದ ಪಾಠ ಶುರುಮಾಡಿದರು. ೬ಕ್ಕೆ ಬರುವಷ್ಟರಲ್ಲಿ ಮುಳ್ಳು ಐದು ದಾಟಿತ್ತು. ಮಾಮಿಯ ಸುಳಿವಿಲ್ಲ.

ಮಾಮಿಗೆ ಫೋನ್ ಮಾಡಿದೆ. ಮಾಮಾನ ಕೈಚೀಲದಲ್ಲಿ ರಿಂಗ್ ಆಯಿತು. ಮಾಮಾ ತೆಗೆದು, ನನ್ನ ಪಕ್ಕದಲ್ಲೇ ನಿಂತು, ‘ಹಲೋ, ಹೇಳ್ರೀ ಅಳಿಯಂದ್ರ’ ಅಂದರು.

ಮಾರುಕಟ್ಟೆಯ ಮುಂದೆಯೇ ಚಿಕ್ಕ ಗಡಿಯಾರ ಇದೆ. ವೈಸ್‌ರಾಯ್ ಡಫರಿನ್ ಬಂದುಹೋದ ನೆನಪಿಗೆ 1880ರ ದಶಕದಲ್ಲಿ ಕಟ್ಟಿದ್ದು. ಗಡಿಯಾರದ ಹತ್ತಿರ ಅಂದರೆ ಮಾಮಿ ಅಲ್ಲಲ್ಲದೆ ಇನ್ನೆಲ್ಲಿ ನಿಂತಾರು? ಇವರಿಬ್ಬರನ್ನೂ ‘ಇಲ್ಲಿಂದ ಅಲುಗಾಡಬೇಡಿ’ ಅಂತ ಬಿಟ್ಟು ನಾನು ಓಡಿದೆ. ಭಾನುವಾರದ ಜನ. ಫುಟ್‌ಪಾತಿನಲ್ಲಿ ಅರ್ಧ ಅಂಗಿಗಳು, ಉಳಿದರ್ಧ ಅಂಗಿ ಆರಿಸುವವರು. ಚಿಕ್ಕ ಗಡಿಯಾರದ ಕಟ್ಟೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರನ್ನು ಕೇಳಿದರೆ, ‘ಹಸಿರು ಸೀರೆಯವರಾ? ಗಡಿಯಾರ ಎಲ್ಲಿ ಅಂತ ಕೇಳಿದ್ರು. ಇದೇ ಅಂದೆ. ಇದಲ್ಲ ಅನ್ಸುತ್ತೆ ಅಂದ್ರು. ಹಾಗಾದ್ರೆ ದೊಡ್ಡದು ಅಂತ ಕಳಿಸಿದೆ’ ಅಂದರು.

ವಾಪಸ್ ಓಡಿದೆ. ದೊಡ್ಡ ಗಡಿಯಾರದ ಕೆಳಗೆ ಈಗ ಮಾಮಿಯೂ ಇಲ್ಲ, ಮಾಮಾನೂ ಇಲ್ಲ. ಮಾಮಾನಿಗೆ ಫೋನ್ ಮಾಡಿದೆ.

‘ಎಲ್ಲಿದ್ದೀರಿ ಮಾಮಾ?’

‘ಹುಡುಗಗ ಐಸ್‌ಕ್ರೀಮ್ ಕೊಡಸಾಕ ಬಂದೇವ್ರೀ. ಇಲ್ಲೇ ಮಹಾರಾಜರ ಮೂರ್ತಿ ಕೆಳಗ ನಿಂತೇವಿ.’

‘ಯಾವ ಮಹಾರಾಜರು?’

‘ಯಾವ ಮಹಾರಾಜರಂದ್ರ? ಮೈಸೂರ ಮಹಾರಾಜರ್ರೀ! ತಲಿ ಮ್ಯಾಲ ಪೇಟಾ ಐತಿ.’

‘ಮಂಟಪ ಇದೆಯಾ?’

‘ಐತಿ. ಬಂಗಾರದ ಗುಮ್ಮಟ.’

ಹುಡುಗ ಫೋನ್ ಕಿತ್ತುಕೊಂಡು ‘ಅಂಕಲ್, ಫೋಟೋ ಕಳಿಸ್ತೀನಿ’ ಅಂದ. ಬುದ್ಧಿವಂತ. ಆದರೆ ಆ ಹೊತ್ತಿನಲ್ಲಿ ಸೂರ್ಯ ಪಡುವಣಕ್ಕೆ ಇಳಿದಿದ್ದ. ಬಂದ ಫೋಟೋದಲ್ಲಿ ಹಿಂದೆಲ್ಲ ಚಿನ್ನದ ಬೆಳಕು, ಮಧ್ಯೆ ಕಪ್ಪು ನೆರಳು. ಕಪ್ಪು ಪೇಟ. ಯಾವ ತಲೆಮಾರು ಅಂತ ಹೇಳುವುದು ಹೇಗೆ? ಇದು ಅರಮನೆಯ ಫೋಟೋಗೂ ಬರುವ ತೊಂದರೆ. ಅರಮನೆ ಮುಖ ಮಾಡಿರುವುದು ಪೂರ್ವಕ್ಕೆ, ಚಾಮುಂಡಿ ಬೆಟ್ಟದ ಕಡೆಗೆ. ಸಂಜೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ ನೆಂಟರೆಲ್ಲ ಇದ್ದಿಲಿನ ಬಣ್ಣದಲ್ಲಿ ಊರಿಗೆ ಮರಳುತ್ತಾರೆ. ಒಳ್ಳೆಯ ಫೋಟೋ ಬೇಕೆಂದರೆ ಬೆಳಿಗ್ಗೆ ಬರಬೇಕು. ಬೆಳಿಗ್ಗೆ ನೆಂಟರು ತಿಂಡಿ ಮುಗಿಸುವುದೇ ಹನ್ನೊಂದಕ್ಕೆ.

ಹತ್ತಿರದ್ದು ಅಂತ ಮೊದಲು ಚಾಮರಾಜ ಸರ್ಕಲ್. ಇಲ್ಲ. ಅಲ್ಲಿಂದ ಕೆ.ಆರ್. ಸರ್ಕಲ್. ಅಲ್ಲೂ ಇಲ್ಲ. ಮತ್ತೆ ತಿರುಗಿ, ಕೋಟೆ ಆಂಜನೇಯನಿಗೆ ದೂರದಿಂದಲೇ ಕೈಮುಗಿದು, ಹಾರ್ಡಿಂಜ್ ಸರ್ಕಲಿಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಗುಲಾಬಿ ಅಂಗಿಯ ಮಾಮಾ ದೂರದಿಂದಲೇ ಕಂಡರು. ಆ ಕುಂಕುಮಕ್ಕೆ ನಾನು ಇವತ್ತಿಗೂ ಋಣಿ.

ಮಾಮಾನಿಗೆ ಹೆಂಡತಿ ಕಳೆದುಹೋದ ಚಿಂತೆ ಇದ್ದಂತೆ ಕಾಣಲಿಲ್ಲ. ಕೋಟೆ ಗೋಡೆಯ ಪಕ್ಕ ನಡೆಯುತ್ತಾ, ‘ಈ ಅರಮನಿ ಯಾವಾಗಿಂದ್ರೀ?’ ಅಂದರು. ಹಳೆಯದು ಮರದ್ದಾಗಿತ್ತು, 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿತ್ತು ಅಂದೆ. ಮಹಾರಾಜರು ಆಗ ಇನ್ನೂ ಹುಡುಗ. ಅವರ ತಾಯಿ ಕೆಂಪನಂಜಮ್ಮಣ್ಣಿಯವರೇ ರಾಜ್ಯ ನೋಡಿಕೊಳ್ಳುತ್ತಿದ್ದರು. ಹೆನ್ರಿ ಇರ್ವಿನ್ ಅನ್ನುವ ವಾಸ್ತುಶಿಲ್ಪಿಯಿಂದ ನಕ್ಷೆ ಮಾಡಿಸಿದರು. ಈ ಸಲ ಕಲ್ಲು, ಇಟ್ಟಿಗೆ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. 1912ಕ್ಕೆ ಕೆಲಸ ಮುಗಿಯಿತು. ಖರ್ಚು 41 ಲಕ್ಷಕ್ಕೂ ಮೇಲೆ.

ಮಾಮಾ ನಿಂತೇ ಬಿಟ್ಟರು. ‘ನಲವತ್ತೊಂದು ಲಕ್ಷ? ಈಗ ಅಷ್ಟ್ರಾಗ ಇದರ ಕಂಪೌಂಡ್ ಗ್ವಾಡಿಗೆ ಸುಣ್ಣಾನೂ ಹಚ್ಚಾಕ ಆಗೂದಿಲ್ಲ. ಮೊದಲಿನ ಎಸ್ಟಿಮೇಟ್ ಎಷ್ಟಿತ್ತಂತ?’

‘ಮಾಮಾ, ಮಾಮಿ ಕಾಣಿಸ್ತಾ ಇಲ್ಲ.’

‘ಬರ್ತಾಳ್ರೀ. ಆಕಿಗೆ ನಾವ ಕಾಣವಲ್ರು ಅನ್ನೋದ ಖರೆ.’

ಏಳು ಗಂಟೆ ಹತ್ತಿರ ಬಂತು. ಈ ಭಾಗದಲ್ಲಿ ಒಂದು ಅನುಕೂಲ ಇದೆ. ಭಾನುವಾರ ಆ ಹೊತ್ತಿಗೆ ನೀವು ಏನೂ ಮಾಡದಿದ್ದರೂ ಜನವೇ ನಿಮ್ಮನ್ನು ತಳ್ಳಿಕೊಂಡು ಅರಮನೆ ಎದುರಿಗೆ ತಂದು ನಿಲ್ಲಿಸುತ್ತಾರೆ. ಹಾಗೆಯೇ ನಾವೂ ಜಯಮಾರ್ತಾಂಡ ದ್ವಾರದ ಕಡೆ ಬಂದು ನಿಂತೆವು. ನೋಡಿದರೆ, ರಸ್ತೆ ಬದಿಯಲ್ಲಿ ಒಂದು ಸಾರೋಟು. ಅದರ ಮೇಲೆ ಮಾಮಿ. ತೊಡೆಯ ಮೇಲೆ ಊದಿನಕಡ್ಡಿ ಕಟ್ಟು, ಕೈಯಲ್ಲಿ ಚುರುಮುರಿ.

‘ಎಷ್ಟೊತ್ತಾತು ಬಂದು?’ ಅಂದರು ನಮಗೇ.

ಗಡಿಯಾರದಿಂದ ಗಡಿಯಾರಕ್ಕೆ ತಿರುಗಿ ಕಾಲು ಸೋತ ಮೇಲೆ ಅವರು ಸಾರೋಟು ಹತ್ತಿದ್ದರು. ‘ಅರಮನಿ ಸುತ್ತ ಹೊಡಿ. ಆ ಮನುಷ್ಯಾ ಒಂದ ಕಡೆ ನಿಲ್ಲೂದಿಲ್ಲ, ಎಲ್ಲಾರ ಸಿಗ್ತಾನ’ ಅಂದಿದ್ದರಂತೆ. ಸಾರೋಟಿನವನು ಒಳ್ಳೆಯ ಮಾತುಗಾರ. ಕೋಟೆಯ ಬಾಗಿಲುಗಳನ್ನೆಲ್ಲ ತೋರಿಸಿದ್ದ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವುದು ದಕ್ಷಿಣದ ವರಾಹ ದ್ವಾರದಿಂದ, ದಸರಾ ಮೆರವಣಿಗೆ ಹೊರಗೆ ಬರುವುದು ಬಲರಾಮ ದ್ವಾರದಿಂದ, ಚಿನ್ನದ ಅಂಬಾರಿಯ ತೂಕ 750 ಕಿಲೋ, ಎಲ್ಲವನ್ನೂ ಮಾಮಿ ನನಗೇ ವಿವರಿಸಿದರು. ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ದೀಪ ಹತ್ತಿತು. ಸುಮಾರು 97 ಸಾವಿರ ಬಲ್ಬು, ಒಂದೇ ಸಲಕ್ಕೆ. ಜನರೆಲ್ಲ ‘ಹೋ’ ಅಂದರು. ಹುಡುಗನೂ ಅಂದ. ಮಾಮಾ ಮಾತ್ರ ಆ ಕಡೆ ಬೆನ್ನು ಹಾಕಿ ನಿಂತಿದ್ದರು. ಸಾರೋಟಿನವನ ಜೊತೆ ಲೆಕ್ಕ ನಡೆದಿತ್ತು.

‘ಒಂದ ಸುತ್ತಿಗೆ ಇಷ್ಟಂದ್ರ ಹೆಂಗ? ಸುತ್ತು ಅಂದ್ರ ಎಷ್ಟು ಮೀಟರ್?’

‘ಸಾರ್, ಅಮ್ಮಾವ್ರು ಒಂದು ಸುತ್ತಲ್ಲ. ಒಬ್ಬೊಬ್ರು ಮಹಾರಾಜರ ಹತ್ರಾನೂ ನಿಲ್ಲಿಸಿ, ಕೆಳಗೆ ಇಳಿದು, ಮಂಟಪ ಸುತ್ತು ಹಾಕಿ ಬಂದಿದ್ದಾರೆ. ಬಿಳಿ ಅಂಗಿಯವ್ರು ಯಾರಾದ್ರೂ ಇದ್ದಾರಾ ಅಂತ. ಎಲ್ಲಿ ಸಾರ್ ಬಿಳಿ ಅಂಗಿ?’

ಮಾಮಾ ತಮ್ಮ ಅಂಗಿ ನೋಡಿಕೊಂಡರು. ಆಮೇಲೆ ಮಾಮಿಯ ಮುಖ ನೋಡಿದರು. ಅರ್ಧ ಮೊಳ ಹೂವಿಗೆ ಇಡೀ ಮಾರುಕಟ್ಟೆ ನಿಲ್ಲಿಸಿದ್ದ ಮನುಷ್ಯ, ಪಾಕೀಟು ತೆಗೆದು, ಕೇಳಿದ್ದಕ್ಕಿಂತ ಹತ್ತು ರೂಪಾಯಿ ಜಾಸ್ತಿಯೇ ಕೊಟ್ಟರು. ‘ಕುದರಿಗೆ ಹುಲ್ಲ ಹಾಕಪಾ’ ಅಂದರು.